ಚುಕ್ಕಿ ಇಲ್ಲದ ತಿಥಿ ಪೆಟ್ಟಿಗೆ

ಸಭೆಯ ಅಧ್ಯಕ್ಷರಾದ ಬಾಳಾಸಾಬ ಅವರೇ, ಮುಂದಿನ ಸಾಲಿನಲ್ಲಿರುವ ಕುಸುಮಕ್ಕನವರೇ, ನಿಪ್ಪಾಣಿಯ ಈ ಕಂಪ್ಯೂಟರ್ ಕ್ಲಾಸಿನ ವಿದ್ಯಾರ್ಥಿಗಳೇ, ಸಭಿಕರೇ,

ನಿನ್ನೆ ನನಗೊಂದು ಕೆಟ್ಟ ಕನಸು ಬಿತ್ತು. ಕುಸುಮಕ್ಕನವರು ನಮ್ಮ ಛಾಪಖಾನೆಗೆ ಬಂದು, “ಭರಮು, ನಮ್ಮ ಪೆಟ್ಟಿಗಿ ಕೊಡಪಾ” ಅಂತಾರ. ಒಂದು ಕೊಡ್ತೇನಿ, “ಇದಲ್ಲ” ಅಂತಾರ. ಇನ್ನೊಂದು ಕೊಡ್ತೇನಿ, “ಇದೂ ಅಲ್ಲ” ಅಂತಾರ. ಆ ಕನಸು ಅರ್ಧ ತಾಸಿನ ಹಿಂದೆ, ಇದೇ ವೇದಿಕೆಯ ಮೇಲೆ ಖರೆ ಆಗೈತಿ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವ ನಾನು. ಬಿಟ್ಟೆನೋ, ಬಿಡಿಸಿದರೋ, ಅದು ಬ್ಯಾಡ. ಬೀಡಿ ಲೇಬಲ್ ಛಾಪಿಸುವವನನ್ನು ಕಂಪ್ಯೂಟರಿನವರ ಬೆಳ್ಳಿಹಬ್ಬಕ್ಕೆ ಯಾಕೆ ಕರೆದರು? ಕುಸುಮಕ್ಕನವರ ಯಜಮಾನರು, ದಿವಂಗತ ಶ್ರೇಣಿಕ ಸರ್, ೧೯೮೯ರಲ್ಲಿ ಈ ಕ್ಲಾಸು ಶುರುಮಾಡಿದಾಗ ‘ತಿಥಿ’ ಎಂಬ ಪ್ರೋಗ್ರಾಮ್ ಬರೆದರು. ತಾರೀಖು ಒತ್ತಿದರೆ ಅಂದು ಅಷ್ಟಮಿಯೋ ಚತುರ್ದಶಿಯೋ ಹೇಳುತ್ತಿತ್ತು. ಜೈನರ ಮನೆಗಳಲ್ಲಿ ಆ ದಿನ ಹಸಿರು ಕಾಯಿಪಲ್ಲೆ ಹೆಚ್ಚಂಗಿಲ್ಲ ನೋಡ್ರಿ. ಅದನ್ನು ಫ್ಲಾಪಿಗೆ ಹಾಕಿ ರಟ್ಟಿನ ಪೆಟ್ಟಿಗೆಯಲ್ಲಿ ಮಾರಿದರು. ಆ ಪೆಟ್ಟಿಗೆಗಳಲ್ಲಿ ಉಳಿದದ್ದು ಒಂದೇ, ಕುಸುಮಕ್ಕನ ಕಪಾಟಿನಲ್ಲಿ. ಅದರಂತೆಯೇ ನೂರು ಮಾಡಿ ನೆನಪಿನ ಕಾಣಿಕೆ ಕೊಡೋಣ ಎಂದು ಕ್ಲಾಸಿನವರು ನನ್ನ ಬಳಿ ಬಂದರು. ಕುಸುಮಕ್ಕನವರು ಕೊಡುವಾಗ, “ಜ್ವಾಕಿ ಭರಮು, ಅವರ ಕೈಯಿಂದಾದದ್ದು ಇದೊಂದಽ ಐತಿ” ಅಂದಿದ್ದರು.

ಮಾಡಿದೆ. ರಟ್ಟಿನ ಹಳದಿ ಬಣ್ಣ, ಮೂಲೆಯ ಚಹಾ ಕಲೆ, ಅಗಲ ಫ್ಲಾಪಿಯ ಮೇಲೆ ಸರ್ ಬರೆದ ನೀಲಿ ಅಕ್ಷರ, ಎಲ್ಲಾ ಹಂಗಽ ತೆಗೆದೇನಿ. ಫರಕು ಒಂದೇ: ನಕಲಿನ ಫ್ಲಾಪಿ ಖಾಲಿ, ಅಸಲಿನೊಳಗೆ ಸರ್ ಬರೆದ ಪ್ರೋಗ್ರಾಮ್ ಐತಿ.

ನಮ್ಮ ಧಂದೆಯಲ್ಲಿ ಅಸಲಿ ಲೇಬಲಿಗೆ ಒಂದು ಸಣ್ಣ ಚುಕ್ಕಿ ಇಡುವ ರೂಢಿ. ಡುಪ್ಲಿಕೇಟ್ ಮಾಡುವವರ ಕಣ್ಣಿಗೆ ಅದು ಬೀಳಂಗಿಲ್ಲ. ಇಲ್ಲಿ ನಾನು ಉಲ್ಟಾ ಮಾಡಿದೆ. ಅಸಲನ್ನು ಮುಟ್ಟಬಾರದು ಎಂದು ನೂರು ನಕಲಿಗೂ ಚುಕ್ಕಿ ಇಟ್ಟೆ. ಇಟ್ಟೆ, ಆದರೆ ಮೂವತ್ತು ವರ್ಷದಿಂದ ನಮ್ಮಲ್ಲಿ ಲೇಬಲ್ ಆರಿಸುವ ಸಾವಿತ್ರೆವ್ವಗ ಹೇಳಲಿಲ್ಲ.

ಅರ್ಧ ತಾಸಿನ ಹಿಂದೆ, ನಿಮಗೆಲ್ಲ ಪೆಟ್ಟಿಗೆ ಹಂಚಿದ ಮೇಲೆ, ಕುಸುಮಕ್ಕನವರಿಗೆ ಅಸಲು ಮರಳಿಸಲು ಅದಕ್ಕೆ ಸುತ್ತಿದ ಅರಿವೆ ಬಿಚ್ಚಿದರೆ, ಒಳಗಿನ ಪೆಟ್ಟಿಗೆಗೆ ಚುಕ್ಕಿ. ಸಾವಿತ್ರೆವ್ವಗ ಫೋನ್ ಹಚ್ಚಿದೆ. “ಚುಕ್ಕಿ ಇಲ್ಲದ್ದು ಡುಪ್ಲಿಕೇಟ್ ಅಂತ ನೀವಽ ಕಲಿಸೀರಿ ದಾದಾ. ಕುಸುಮಕ್ಕಗ ಡುಪ್ಲಿಕೇಟ್ ಕೊಟ್ಟು ಮಾನ ಕಳಕೋತಿದ್ರಿ. ಅದನ್ನ ಹಂಚೂ ರಾಶಿಗೆ ಹಾಕಿ, ಚುಕ್ಕಿ ಇದ್ದದ್ದು ಅರಿವ್ಯಾಗ ಕಟ್ಟೇನಿ. ಒಂದು ಶಾಬಾಸ್‌ಕಿನೂ ಇಲ್ಲ ನಿಮ್ಮದು” ಅಂದಳು. ನಾನು ಕಲಿಸಿದ್ದನ್ನೇ ಮಾಡ್ಯಾಳ.

ಸುಮ್ಮನಿರಬಹುದಿತ್ತು. ಕುಸುಮಕ್ಕನವರಿಗೂ ಗುರುತು ಹತ್ತುತ್ತಿರಲಿಲ್ಲ, ಅಷ್ಟು ಛಲೋ ಮಾಡೇನಿ. ಅರ್ಧ ತಾಸು ಅದನ್ನೇ ವಿಚಾರ ಮಾಡುತ್ತ ಕುಳಿತಿದ್ದೆ. ಕ್ಷಮಿಸಿಬಿಡ್ರಿ ಅಕ್ಕಾ.

ಸಭಿಕರೇ, ನಿಮ್ಮ ಪೆಟ್ಟಿಗೆಯ ತಳ ನೋಡ್ರಿ. ಎಡಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕಿ ಇರತೈತಿ, ಇಲ್ಲದ್ದಽ ಅಸಲು. ಒಳಗಿನ ಫ್ಲಾಪಿ ಮುಟ್ಟಬ್ಯಾಡ್ರಿ. ಚುಕ್ಕಿ ಇದ್ದವರು ಕೈ ಎತ್ರಿ... ಹಿಂದಿನ ಸಾಲಿನವರೆಗೂ ಎಲ್ಲರೂ ಎತ್ತೀರಿ. ಎಲ್ಲರಿಗೂ ಉಪಕಾರ, ನಮಸ್ಕಾರ.

ಅಧ್ಯಕ್ಷರೇ, ನೀವೊಬ್ಬರು ಕೈ ಎತ್ತದೆ “ನಂದರಾಗೂ ಚುಕ್ಕಿ ಐತಿ ಬಿಡೋ” ಅಂದಿರಿ. ಕನ್ನಡಕ ನಿಮ್ಮ ಕಿಸೆಯಲ್ಲೇ ಐತ್ರಿ. ಹಾಕಿಕೊಂಡು ಇನ್ನೊಮ್ಮೆ ನೋಡ್ರಿ.