ನಾಯಿ, ಕೊಡೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ, ಅವರು ಬದುಕಿದ್ದಾಗ ಶಾಲೆಯ ಗುಮಾಸ್ತರಿಂದ ಕೇಳಿ ತಂದಿದ್ದ ಕೊಡೆ ಹಿಡಿದು ಶಾಲೆಯ ಕಚೇರಿಗೆ ಹೋದೆ. ಗುಮಾಸ್ತರ ಮೇಜಿನ ಮುಂದೆ ಒಬ್ಬ ಅಜ್ಜ, ಅವರ ಮೊಮ್ಮಗಳು ಹಗ್ಗ ಕಟ್ಟಿದ ಒಂದು ನಾಯಿಯೊಂದಿಗೆ ನಿಂತಿದ್ದರು. ಹೊರಗೆ ಪ್ರವಾಸದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

“ಇವಳನ್ನ ಬಿಟ್ಟು ಹೋಗ್ಬೇಡಿ ಸ್ವಾಮಿ. ನಾಯಿ ತಂದಿದೀವಿ. ಕೊಡೆ ನಮ್ಮನೇಲಿ ಇಲ್ಲ.”

“ನಾಯಿ ಯಾಕಜ್ಜ?”

“ನೀವು ಕಳಿಸಿದ ಪ್ರವಾಸದ ಚೀಟೀಲೇ ಇದೆಯಲ್ಲ. ನಾಯಿ ಅಂತ ಒಂದು ಸಾಲು, ಕೊಡೆ ಅಂತ ಇನ್ನೊಂದು ಸಾಲು.”

“ತಾತ, ಆ ಆಂಟಿ ಹತ್ರ ಕೊಡೆ ಇದೆ,” ಎಂದು ಹುಡುಗಿ ಅಳುತ್ತಲೇ ಪಿಸುಗುಟ್ಟಿದಳು.

“ಅಯ್ಯೋ, ಅದು ನಾಯಿಕೊಡೆ ಅಜ್ಜ, ಅಣಬೆ. ಮಕ್ಕಳು ಹೋಗ್ತಿರೋದು ಅಣಬೆ ಬೆಳೆಸೋ ಜಾಗಕ್ಕೆ. ಸಾಲು ತುಂಬಿ ಕೊಡೆ ಕೆಳಗೆ ಬಿತ್ತು, ಅಷ್ಟೆ.”

“ಹಾಗಾದ್ರೆ ನಾನು ಹೋಗ್ಬಹುದಾ?”

“ಓಡು ಪುಟ್ಟಿ, ಬಸ್ ಹತ್ತು.”

“ನಾಯಿ?”

“ಅದು ತಾತನ ಜೊತೆ ಮನೆಗೆ.”

“ಬೆಳಗ್ಗೆ ಎದ್ದು ಸ್ನಾನ ಮಾಡ್ಸಿದ್ದೆ ಸ್ವಾಮಿ. ಎಲ್ಲಾ ದಂಡ.”

ಅಜ್ಜ ನಾಯಿ ಹಿಡಿದು ಹೊರಟರು. ನಾನು ಕೊಡೆಯನ್ನು ಮೇಜಿನ ಮೇಲಿಟ್ಟೆ.

“ನಿಮ್ಮ ಯಜಮಾನ್ರು ತಾವೇ ತಂದ್ಕೊಡ್ತೀನಿ ಅಂದಿದ್ರು,” ಎಂದರು ಗುಮಾಸ್ತರು. “ಈಗ್ಲೇ ತರೋಕೆ ಏನು ಅವಸರ ಇತ್ತಮ್ಮಾ?”

“ಮಳೆ ನಿಂತಿದೆ,” ಎಂದೆ.