ನನಗೂ ಕಾಣಲಿ

ಇದು ಎಲ್ಲೋ ಕೇಳಿದ ಕತೆಯಲ್ಲ. ನಮ್ಮ ಪಕ್ಕದ ಮನೆಯ ಎಕ್ಸ್‌ರೇ ಅಕ್ಕನಿಗೆ ಆದದ್ದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋ ಕೆಲಸ, ಅದಕ್ಕೇ ಆ ಹೆಸರು. ಹಗಲೆಲ್ಲ ಜನರ ಮೂಳೆ, ಕತ್ತಲಾದರೆ ನಕ್ಷತ್ರ… ಫೋಟೋ ಹುಚ್ಚು ಅವಳಿಗೆ.

ಅವತ್ತು ಎರಡನೇ ಪಾಳಿ ಮುಗಿಸಿ ಮನೆಗೆ ನಡೆದು ಬರ್ತಿದ್ದಾಳೆ. ಹನ್ನೊಂದು ದಾಟಿದೆ. ಹಲ್ಲು ಕಟಕಟ ಅನ್ನೋ ಚಳಿ. ಹಳೇ ಬಾವಿಯ ಹತ್ತಿರ ಬೀದಿದೀಪ ಕೆಟ್ಟಿತ್ತು. ತಲೆ ಎತ್ತಿದಳು. ಮೋಡ ಇಲ್ಲ, ಚಂದ್ರ ಇಲ್ಲ. ಅಲ್ಲಿ ಕೃತ್ತಿಕೆಯ ಗೊಂಚಲು, ಇಲ್ಲಿ ಬೇಟೆಗಾರ ಮಹಾವ್ಯಾಧ… ಅವನ ಕತ್ತಿಯ ನಡುವೆ ಚಿಟಿಕೆ ಹೊಗೆಯಂಥ ನೀಹಾರಿಕೆ. ಮೂರು ವಾರದಿಂದ ಮಂಜು ಮುಸುಕಿ ಕೈಕೊಡ್ತಾ ಇತ್ತು ಅದು. ಕ್ಯಾಮೆರಾ ಚೀಲದಲ್ಲೇ ಇತ್ತು. ಬಿಡ್ತಾಳಾ?

ಬಾವಿಯ ಪಕ್ಕದಲ್ಲೇ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾನ ನೀಹಾರಿಕೆಗೆ ಗುರಿಯಿಟ್ಟಳು. ಎರಡೆರಡು ಸೆಕೆಂಡಿಗೆ ತಾನಾಗೇ ಚಿತ್ರ ತೆಗೆಯೋ ಹಾಗೆ ಇಟ್ಟಳು. ಟಕ್… ಟಕ್… ಟಕ್…

ಆಗ ಹಿಂದೆ ಸದ್ದು. ಒಣ ಎಲೆಯ ಮೇಲೆ ಒದ್ದೆ ಕಾಲು ಇಟ್ಟ ಹಾಗೆ. ಚಪ್… ಚಪ್… ನಿಂತಿತು.

"ಸ್ವಲ್ಪ ಸರಿ… ನನಗೂ ಕಾಣಲಿ."

ಹೆಣ್ಣು ದನಿ. ಪಿಸುಮಾತು. ಮನೆಯಲ್ಲಿ ಕಾಯ್ತಿದ್ದ ನಾದಿನಿ ಹುಡುಕಿಕೊಂಡು ಬಂದಿದ್ದಾಳೆ ಅಂದುಕೊಂಡಳು ಅಕ್ಕ. ಟಾರ್ಚ್ ಹಾಕಿದರೆ ಚಿತ್ರ ಹಾಳು. ಆಕಾಶದಿಂದ ಕಣ್ಣು ಕೀಳದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಇಷ್ಟೊತ್ತಲ್ಲಿ ಒಬ್ಬಳೇ ಬಂದ್ಯಾ?"

"ಇಲ್ಲೇ ಇರೋದು."

"ಸಾಕು ತಮಾಷೆ."

"ಇನ್ನೂ ಸ್ವಲ್ಪ ಸರಿ…"

ಇನ್ನೊಂದು ಹೆಜ್ಜೆ ಸರಿದಳು. ಅಷ್ಟರಲ್ಲಿ ಜೇಬಿನ ಮೊಬೈಲ್ ಗುರ್ರ್ ಗುರ್ರ್ ಅಂತು. ತೆಗೆದರೆ… ನಾದಿನಿ.

"ಅತ್ತಿಗೆ, ಎಲ್ಲಿದ್ದೀರ? ನಿದ್ದೆ ಬರ್ತಿದೆ ನಂಗೆ. ಬಾಗಿಲಿಗೆ ಚಿಲಕ ಹಾಕ್ಲಾ?"

ಅಕ್ಕ ಮೊಬೈಲನ್ನ ಕಿವಿಯಿಂದ ಇಳಿಸಿದಳು. ಅದರ ಬೆಳಕು ಕಾಲ ಮೇಲೆ ಬಿತ್ತು. ಅಲ್ಲಿ ಬಾವಿಯ ಕಟ್ಟೆ ಕುಸಿದಿದೆ. ಎಡಗಾಲಿನ ಅರ್ಧ ಚಪ್ಪಲಿ ಅಂಚಿನಿಂದಾಚೆ. ಒಂದು ಹೆಂಟೆ ಮಣ್ಣು ಜಾರಿತು… ಎಷ್ಟೋ ಹೊತ್ತಿನ ಮೇಲೆ ಬುಳುಕ್ ಅಂತ ಕೇಳಿಸಿತು. ಸುತ್ತ ನೋಡಿದಳು. ಯಾರೂ ಇಲ್ಲ.

"ಚಿಲಕ ಹಾಕಬೇಡ," ಅಂತ ಪಿಸುಗುಟ್ಟಿದಳು. "ಬಾಗಿಲು ತೆಗೆದಿಟ್ಟು ಹೊಸ್ತಿಲಲ್ಲೇ ನಿಂತ್ಕೋ. ಫೋನ್ ಇಡಬೇಡ… ಏನಾದ್ರೂ ಮಾತಾಡ್ತಾ ಇರು."

ಕ್ಯಾಮೆರಾ ಅಲ್ಲೇ ಬಿಟ್ಟು ಓಡಿದಳು. ಬೆನ್ನ ಹಿಂದೆ ಹೆಜ್ಜೆ ಸದ್ದಿಲ್ಲ. ಟಕ್… ಟಕ್… ಅಷ್ಟೇ.

ರಾತ್ರಿಯೆಲ್ಲ ಜ್ವರ ಅವಳಿಗೆ. ಬೆಳಗಾದ ಮೇಲೆ ಗಂಡನೂ ನಾದಿನಿಯೂ ಹೋಗಿ ಕ್ಯಾಮೆರಾ ತಂದರು. ಬ್ಯಾಟರಿ ಸಾಯೋ ತನಕ ಚಿತ್ರ ತೆಗೆದಿದೆ, ಎರಡು ಗಂಟೆ ಕಾಲ.

ನೋಡಿ, ನಕ್ಷತ್ರಗಳು ಒಂದೇ ಕಡೆ ನಿಲ್ಲೋದಿಲ್ಲ. ಕ್ಯಾಮೆರಾನ ಆಗಾಗ ತಿರುಗಿಸಬೇಕು. ಇಲ್ಲದಿದ್ದರೆ ಇಪ್ಪತ್ತು ನಿಮಿಷಕ್ಕೆಲ್ಲ ನೀಹಾರಿಕೆ ಚಿತ್ರದಿಂದಲೇ ಆಚೆ. ಅವಳದ್ದು ಬರೀ ಮೂರು ಕಾಲಿನ ಸ್ಟ್ಯಾಂಡು, ತಾನಾಗಿ ತಿರುಗೋ ಯಂತ್ರ ಗಿಂತ್ರ ಏನೂ ಇಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ಚಿತ್ರಗಳನ್ನ ನಾನೇ ಎರಡು ಮಧ್ಯಾಹ್ನ ಕೂತು ನೋಡಿದೀನಿ. ಮೊದಲನೆಯದರಿಂದ ಕೊನೆಯದರ ತನಕ… ನೀಹಾರಿಕೆ ನಟ್ಟನಡುವೆ ಇದೆ.