ಗುಣವಾಯಿತೆಂದು ಹಾಕಿದ ಹಂದರ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಎಂಥ ಸಾಹುಕಾರ? ಪಡಸಾಲೆಯಲ್ಲಿ ನಡೆದರೆ ಜೋಳದ ಚೀಲ ಎಡವಬೇಕು, ಅಂಥವನು. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಬಿಟ್ಟವನಲ್ಲ. ಕೈಯೂ ಧಾರಾಳ. ಮಾತು ಮಾತ್ರ ಸ್ವಲ್ಪ ಜಾಸ್ತಿ. ಇರಲಿ ಬಿಡಿ, ನಮ್ಮಲ್ಲಿ ಯಾರಿಗೆ ಕಡಿಮೆ?

ಅವನ ಹೊಲದಲ್ಲಿ ದುಡಿಯುವ ಒಬ್ಬ ತಾಯಿಯ ಹೆಣ್ಣು ಕೂಸಿಗೆ ರಕ್ತದ ಕ್ಯಾನ್ಸರ್ ಬಂತು. ಹೆಸರು ಕೇಳಿಯೇ ಅರ್ಧ ಊರು ಅತ್ತಿತು. ಸಾಹುಕಾರ ಅಳಲಿಲ್ಲ. ತನ್ನ ಜೀಪಿನಲ್ಲೇ ಕರೆದೊಯ್ದು ದೊಡ್ಡಾಸ್ಪತ್ರೆಗೆ ಸೇರಿಸಿದ. ಕೂಸು ಗುಣವಾದರೆ ಊರಿಗೆಲ್ಲ ಹೋಳಿಗೆ ಊಟ ಎಂದು ಹರಕೆಯನ್ನೂ ಹೊತ್ತ.

ಔಷಧಿ ಹತ್ತಿತು. ಜ್ವರ ಬಿಟ್ಟಿತು. ಕೂದಲು ಉದುರಿದ ತಲೆಗೆ ಕುಲಾವಿ ಹಾಕಿಕೊಂಡು ಹುಡುಗಿ ಓಣಿಯಲ್ಲಿ ಕುಂಟಾಬಿಲ್ಲೆ ಆಡತೊಡಗಿದಳು. ಡಾಕ್ಟರು ಏನೆಂದರು? "ಈಗ ರೋಗ ಕಾಣುತ್ತಿಲ್ಲ. ಆದರೆ ಔಷಧಿ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಬೇಕು. ನಡುವೆ ಬಿಟ್ಟರೆ ತಿರುಗಿ ಬರುತ್ತದೆ" ಎಂದರು. ನೋಡಿ, ಸಾಹುಕಾರನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ! ಉಳಿದದ್ದು ಹೂರಣದಲ್ಲಿ ಕರಗಿಹೋಯಿತು.

ಹಂದರ ಎದ್ದಿತು. ಊಟದ ದಿನ ಬೆಳಗ್ಗೆ ನೋಡುತ್ತಾನೆ, ತಾಯಿ ಕೂಸಿನ ಕೈ ಹಿಡಿದುಕೊಂಡು, ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೊರಟಿದ್ದಾಳೆ!

"ಎಲ್ಲಿಗವ್ವಾ ಸವಾರಿ?"

"ದವಾಖಾನಿಗ್ರಿ ಯಪ್ಪಾ. ಇವತ್ತ ಸೂಜಿ ಐತ್ರಿ."

"ಸೂಜಿ? ಹುಡುಗಿ ಕುದುರಿ ಆದಂಗ ಆಗ್ಯಾಳ! ಆರಾಮಾತಂತ ದೇವರ ಮುಂದ ಹೇಳಿ ಹಂದರ ಹಾಕೀನಿ. ನೀ ಮತ್ತ ಸೂಜಿ ಅಂದ್ರ, ದೇವರನ್ನ ನಂಬಿಲ್ಲಂದಂಗ ಆತು!"

ಅಡುಗೆಗೆ ಬಂದ ಹೆಂಗಸರೂ ದನಿಗೂಡಿಸಿದರು. "ಖರೇ ಐತಿ ಬಿಡವಾ. ಎಷ್ಟಂತ ಚುಚ್ಚಸ್ತಿ ಆ ಕೂಸಿಗೆ? ಸಾಕ ಮಾಡು."

ಊರಬಾಗಿಲ ಅಗಸಿಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ತಾಯಿಯ ಕಣ್ಣು ತುಂಬಿತು.

"ಯಪ್ಪಾ, ನಿನ್ನಿ ಪೂಜಿ ಮಾಡಿದ್ರೇನ್ರಿ?"

"ಮಾಡದ ಬಿಡ್ತೀನೇನು?"

"ಇವತ್ತ?"

"ಈಗ ಮುಗಿಸಿ ಎದ್ದೀನಿ. ಹಣಿಮ್ಯಾಲಿನ ವಿಭೂತಿ ಕಾಣವಲ್ದೇನ?"

"ನಿನ್ನಿದು ದೇವರಿಗೆ ಮುಟ್ಟಿತ್ತಲ್ರಿ. ಇವತ್ತ ಮತ್ತ ಯಾಕ ಮಾಡಿದ್ರಿ? ನಂಬಿಕಿ ಇರಲಿಲ್ಲೇನ್ರಿ?"

ಸಾಹುಕಾರನ ಕೈ ಹಣೆಯ ವಿಭೂತಿಗೆ ಹೋಯಿತು. ದಿನ ತಪ್ಪದೆ ಮಾಡುವುದೇ ನಂಬಿಕೆ ಎಂದು ಊರಿಗೆಲ್ಲ ಹೇಳಿದವನು ಅವನೇ. ಅಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿತು. ಸಾಹುಕಾರ ಶಲ್ಯ ಕೊಡವಿ ಕೂಗಿದ: "ಒಲಿ ಆರಸ್ರಿ! ಕೂಸಿನ ಔಷಧ ಮುಗಿದ ದಿನ ಹೋಳಿಗಿ ಉಣ್ಣೋಣು."

"ಬ್ಯಾಳಿ ಬೆಂದೈತ್ರಿ ಸಾವ್ಕಾರ್ರ!" ಎಂದರು ಅಡುಗೆಯ ಹೆಂಗಸರು.

"ಬೆಂದ್ರ ಕಟ್ಟಿನ ಸಾರು ಮಾಡ್ಕೊಂಡು ಕುಡೀರಿ!" ಎಂದವನೇ ತಾಯಿ ಮಗಳನ್ನು ಜೀಪಿಗೆ ಹತ್ತಿಸಿಕೊಂಡು ಹೊರಟ.

ಕೂಸು ಉಳಿಯಿತೇ? ಉಳಿಯಿತು. ಔಷಧಿ ಪೂರ್ತಿಯಾಯಿತು. ಈಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ.

ನಗುತ್ತೀರಿ, ತಾಯಂದಿರೇ. ನಗಿ. ಆದರೆ "ಸಾಕ ಮಾಡು" ಎಂದ ಆ ದನಿ ಯಾರದು? ನಮ್ಮದೇ ಅಲ್ಲವೇ? ನಮ್ಮಂಥ ಬಡ ನಾಡುಗಳಲ್ಲಿ ಮಕ್ಕಳು ಕೈಬಿಟ್ಟು ಹೋಗುವುದು ಔಷಧಿ ಸಿಗದೆ ಮಾತ್ರವಲ್ಲ, ಸಿಕ್ಕ ಔಷಧಿಯನ್ನು ನಡುವೆ ಬಿಟ್ಟೂ ಹೋಗುತ್ತಾರೆ. ಬಿಡಿಸುವವರು ಯಾರು? ಅಯ್ಯೋ ಪಾಪ ಎನ್ನುವ ನಾವೇ!

ನಾಳೆ ನಿಮ್ಮ ಓಣಿಯಲ್ಲಿ ಅಂಥ ಕೂಸನ್ನು ಕಂಡರೆ "ಇನ್ನೂ ಮುಗಿದಿಲ್ಲವೇ" ಎನ್ನಬೇಡಿ. "ಮುಂದಿನ ಸೂಜಿ ಯಾವತ್ತು" ಎಂದು ಕೇಳಿ. ಆ ದಿನ ಅದರ ತಾಯಿಯ ಎಮ್ಮೆ ನೀವು ಹಿಂಡಿ. ಮನೆಯಲ್ಲುಳಿದ ಅವಳ ಮಕ್ಕಳಿಗೆ ನೀವು ರೊಟ್ಟಿ ಬಡಿಯಿರಿ. ಒಂದು ದಿನ ಮಾಡಿ ಪುಣ್ಯ ಬಂತೆಂದು ಕೂರಬೇಡಿ. ಡಾಕ್ಟರು ಸಾಕು ಎನ್ನುವ ತನಕ ಮಾಡಿ.